ಮಸ್ಕತ್ತಿನಲ್ಲಿ ಸೊಟ್ಟ ಸುದ್ದಿ

ಹೈದರಾಬಾದ್ ವಿಮಾನ ನಿಲ್ದಾಣ

ಮೂವತ್ತಾರು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದವಳು ನಾನು. ಮೊದಲು ಆಳಂದ, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ. ಈ ಮೂರು ತಾಲ್ಲೂಕಿನ ಆಚೆ ನನ್ನ ಬದುಕಿನಲ್ಲಿ ಹೆಚ್ಚಿನದೇನೂ ನಡೆದಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದು ತಂಗಿಯ ಮಗಳು ಸುವರ್ಣಾಳ ಸಲುವಾಗಿ. ಅವಳು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮೆಟ್ಟಿಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡು ಆಪರೇಷನ್ ಆಗಿತ್ತು. "ದೊಡ್ಡವ್ವ, ಒಂದು ತಿಂಗಳು ಬಂದು ಇದ್ದು ಹೋಗು" ಎಂದಳು. ಹೊರಟೆ.

ವಿಮಾನಕ್ಕೆ ಐದು ತಾಸು ಮುಂಚೆ ಹೋಗಿ ಕುಳಿತಿದ್ದೆ. ಓಡಿಹೋಗಿ ಹಿಡಿಯುವುದಕ್ಕಿಂತ ಕಾದು ಬೇಸರಪಡುವುದು ಮೇಲು. ತಪಾಸಣೆಯ ಯಂತ್ರ ನನ್ನ ಚೀಲದ ಮೇಲೆ ಸಂಶಯಪಟ್ಟಿತು. ಒಳಗಿದ್ದದ್ದು ನಲವತ್ತು ಕಟಕ್ ರೊಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಬಿಗಿದದ್ದು. ಸಮವಸ್ತ್ರದ ಹುಡುಗಿ ಬಿಚ್ಚಿಸಿ, ಒಂದನ್ನು ಮೇಜಿಗೆ ತಟ್ಟಿ ಸಪ್ಪಳ ಕೇಳಿದಳು. ಊಟ ಎಂದರೆ ನಂಬಲಿಲ್ಲ. ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಹತ್ತಿರ ನಿಂತಿದ್ದ ಬೀದರ ಕಡೆಯ ಪೇದೆ "ಬಿಡ್ರೀ, ಅದು ರೊಟ್ಟಿ. ಎರಡು ತಿಂಗಳು ಇಟ್ರೂ ಏನಾಗಂಗಿಲ್ಲ" ಎಂದ ಮೇಲೆ ಚೀಲ ಮುಂದೆ ಹೋಯಿತು. ಮೂರು ತಾಸಿನ ಪ್ರಯಾಣ. ಕಲಬುರಗಿಯಿಂದ ಹೈದರಾಬಾದಿಗೆ ಬಂದದ್ದೇ ಅದಕ್ಕಿಂತ ಹೆಚ್ಚು ಹೊತ್ತಾಗಿತ್ತು.

ರುವಿ, ಮೊದಲ ದಿನಗಳು

ಸುವರ್ಣಾ ಇರುವ ಬಡಾವಣೆಯ ಹೆಸರು ರುವಿ. ಸುತ್ತ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು, ನಡುವೆ ಬಿಳಿ ಕಟ್ಟಡಗಳು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೀದಿಯಲ್ಲಿ ನಾಯಿ ಸಹ ಇರುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲು ನೋಡಿದವಳಿಗೆ ಇದೇನು ಎಂದುಕೊಂಡು ಎರಡನೆಯ ದಿನ ಹೊರಗೆ ಹೋದೆ. ನಮ್ಮದು ಒಣ ಬಿಸಿಲು. ಇಲ್ಲಿಯದು ಅನ್ನ ಬಸಿದ ಗಂಜಿಯ ಹಬೆ. ಹತ್ತು ನಿಮಿಷದಲ್ಲಿ ಹಿಂದಿರುಗಿ, ತಣ್ಣೀರಿನ ನಲ್ಲಿಯ ಕೆಳಗೆ ಕೈ ಹಿಡಿದು ಸುಟ್ಟುಕೊಂಡೆ. ನೀರಿನ ಟಾಕಿ ಮಾಳಿಗೆಯ ಮೇಲಿರುವುದರಿಂದ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುತ್ತದೆ. ಬಿಸಿನೀರಿನ ಪಾತ್ರೆ ಮಾತ್ರ ಮನೆಯೊಳಗಿನ ನೆರಳಿನಲ್ಲಿರುತ್ತದೆ. ಅದರ ಸ್ವಿಚ್ ಆರಿಸಿಟ್ಟು ತಣ್ಣೀರನ್ನು ಅದರಿಂದ ತೆಗೆದುಕೊಳ್ಳಬೇಕು. ಊರಿನವರೆಲ್ಲ ಹಾಗೇ ಮಾಡುತ್ತಾರೆ. ನನಗೆ ಹೇಳುವುದು ಸುವರ್ಣಾಳಿಗೆ ಮರೆತಿತ್ತು.

ಎದುರು ಮನೆಯ ಒಮಾನಿ ಹೆಂಗಸು ನನ್ನನ್ನು ಕಾಫಿಗೆ ಕರೆದಳು. ಬೆರಳುದ್ದದ ಕಪ್ಪಿನಲ್ಲಿ ಯಾಲಕ್ಕಿ ಹಾಕಿದ ಕಹಿ ಕಾಫಿ, ಜೊತೆಗೆ ಖರ್ಜೂರ. ಕುಡಿದಿಟ್ಟೆ, ಮತ್ತೆ ಸುರಿದಳು. ಬೇಡ ಎಂದೆ, ಮತ್ತೆ ಸುರಿದಳು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಂತೆ ಹಿಡಿದೆ. ಬೆರಳ ಸಂದಿಯಿಂದ ಸುರಿದಳು. ಏಳನೆಯ ಕಪ್ಪಿಗೆ ಅವಳ ಮಗಳು ಬಂದು, ಸಾಕಾದರೆ ಕಪ್ಪನ್ನು ಹೀಗೆ ಅಲ್ಲಾಡಿಸಿ ಕೊಡಬೇಕೆಂದು ತೋರಿಸಿಕೊಟ್ಟಳು. ಆ ದಿನ ನನಗೆ ನಿದ್ದೆ ಬರಲಿಲ್ಲ.

ನಲ್ಲಿಯ ವಾಷರ್ ಹಾಕಲು ಬಂದವನು ಮೌಲಾಲಿ. ಕಟ್ಟಡದ ಮೇಲ್ವಿಚಾರಣೆ ನೋಡುವ ಕಂಪನಿಯ ಪ್ಲಂಬರ್, ಮೂವತ್ತೈದರ ಆಸುಪಾಸು. ನಾನು ಸುವರ್ಣಾಳಿಗೆ ಗುಳಿಗೆಯ ಹೊತ್ತು ತಪ್ಪಿಸಿದ್ದಕ್ಕೆ ಬೈಯುತ್ತಿದ್ದೆ. ಅವನು ಸ್ಪ್ಯಾನರ್ ಕೆಳಗಿಟ್ಟ.

"ಯಾವೂರ್ರಿ ನಿಮ್ದು?"

"ಜೇವರ್ಗಿ."

"ಅಫಜಲಪುರ ದವಾಖಾನ್ಯಾಗ ಇದ್ರಲ್ರಿ? ಶಾಂತಾಬಾಯಿ ಸಿಸ್ಟರ್ ಅಲ್ರೀ ನೀವು?"

ಹೌದು ಎಂದೆ.

"ನನ್ನ ತಂಗಿ ನಿಮ್ಮ ಕೈಯಾಗ ಹುಟ್ಯಾಳ್ರಿ. ನಾ ಹೊರಗ ಪಾಯರಿ ಮ್ಯಾಲ ಕುಂತಿದ್ದೆ. ನೀವು ಬಂದು, ಚಪ್ಪಲ್ ಹೊರಗ ಬಿಡು, ಗದ್ದಲ ಮಾಡಬ್ಯಾಡ ಅಂದಿದ್ರಿ."

ನಾನು ಅಂದಿರಬಹುದು. ದಿನಕ್ಕೆ ಐವತ್ತು ಮಂದಿಗೆ ಅಂದಿರುತ್ತಿದ್ದೆ. ಅವನ ಊರು ಕರಜಗಿಯಿಂದ ಸ್ವಲ್ಪ ಮುಂದೆ. ಊರಿನ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಆ ತಂಗಿಗೆ ಈಗ ಮದುವೆ ಗೊತ್ತಾಗಿತ್ತು. ಎರಡು ವರ್ಷಕ್ಕೆ ಒಂದೇ ಸಲ ಸಿಗುವ ಒಂದು ತಿಂಗಳ ರಜೆಯನ್ನು ಮೌಲಾಲಿ ಅದಕ್ಕೆಂದೇ ಮುಟ್ಟದೆ ಇಟ್ಟುಕೊಂಡಿದ್ದ. ಮದುವೆಗೆ ಇನ್ನೂ ಎರಡು ತಿಂಗಳು ಇತ್ತು.

"ಶುಕ್ರವಾರ ನಮ್ಮ ಕೋಲಿಗೆ ಬರ್ರಿ ಸಿಸ್ಟರ್. ನಮ್ಮ ಮೂರು ತಾಲೂಕಿನವ್ರು ಎಲ್ಲಾ ಕೂಡ್ತೇವಿ. ಸುದ್ದಿ ನೋಡ್ತೇವಿ" ಎಂದ.

ಮೊದಲ ಶುಕ್ರವಾರ

ಶುಕ್ರವಾರ ಅಲ್ಲಿ ರಜೆ. ಮಧ್ಯಾಹ್ನದ ನಮಾಜು, ಊಟ ಮುಗಿದ ಮೇಲೆ ಹೋದೆ. ಒಂದು ಕೋಲಿಯಲ್ಲಿ ಮೂರಂತಸ್ತಿನ ಮಂಚಗಳು, ಹನ್ನೆರಡು ಮಂದಿ. ಮಂಚದ ಕಂಬಿಗಳಿಗೆ ಒಗೆದ ಬಟ್ಟೆ ನೇತುಹಾಕಿದ್ದರು. ಕಿಟಕಿಯ ಹೊರಗೆ ಬಟ್ಟೆ ಕಾಣಿಸಿದರೆ ದಂಡ. ಹಿರಿಯ ಶರಣಪ್ಪ, ಆಳಂದ ತಾಲ್ಲೂಕಿನವನು, ಗಾರೆ ಕೆಲಸ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ. ನನಗೆ ಕೆಳಗಿನ ಮಂಚ ಝಾಡಿಸಿ ಕೊಟ್ಟ.

ಮೊಬೈಲನ್ನು ಗೋಡೆಯ ಟಿವಿಗೆ ಜೋಡಿಸಿದರು. ನಾನು ಕನ್ನಡ ವಾರ್ತೆ ಬರುತ್ತದೆ ಎಂದುಕೊಂಡೆ. ಬಂದದ್ದು ಇಬ್ಬರು ಗಂಡಸರು. ಒಬ್ಬ ಧೋತರದ ಮೇಲೆ ಕೋಟು ಹಾಕಿ, ಜೋಳದ ದಂಟನ್ನು ಮೈಕಿನಂತೆ ಹಿಡಿದಿದ್ದ. ಇನ್ನೊಬ್ಬ ಕರಿ ಕನ್ನಡಕದ 'ಸಾಹೇಬ'. ಹಿಂದೆ ಬೇವಿನ ಗಿಡ, ಒಂದು ಎಮ್ಮೆ. ಕಾರ್ಯಕ್ರಮದ ಹೆಸರು ಸೊಟ್ಟ ಸುದ್ದಿ.

"ಸಾಹೇಬ್ರ, ನೆಲೋಗಿ ರಸ್ತಾದಾಗ ಗುಂಡಿ ಬಿದ್ದಾವಂತ ಮಂದಿ ಅಳಾಕತ್ತಾರ."

"ಗುಂಡಿ ಅಲ್ಲಪಾ ಅವು. ಮೀನು ಸಾಕಣಿ ಯೋಜನಾ."

"ಫಲಾನುಭವಿಗಳು ಯಾರ್ರಿ?"

"ಬೈಕಿನವ್ರು. ದಿನಾ ಇಳೀತಾರ. ಒಬ್ಬೊಬ್ಬರು ಏಳೂದೇ ಇಲ್ಲ, ಅಷ್ಟು ಹಿಡಿಸ್ಯದ."

ಕೋಲಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಸುದ್ದಿ ಎಂದರೆ ನನಗೆ ಮುಂಜಾನೆಯ ರೇಡಿಯೊ. ಓದುವವರ ಮುಖ ಕಾಣುತ್ತಿರಲಿಲ್ಲ, ದನಿಯಲ್ಲಿ ಏರಿಳಿತ ಇರುತ್ತಿರಲಿಲ್ಲ. ಅದು ಮುಗಿದರೆ ನಾನು ವಾರ್ಡಿಗೆ ಹೊರಡುತ್ತಿದ್ದೆ. ಸಾವು ನೋವನ್ನು ಹಲ್ಲು ಕಿರಿದು ಹೇಳುವವರ ಮಾತಿಗೆ ಏನು ಬೆಲೆ ಎಂದು ಶರಣಪ್ಪನನ್ನು ಕೇಳಿದೆ.

"ತಡೀರಿ ಅವ್ವಾರ. ಇನ್ನ ತೂರೂದು ಅದ" ಎಂದ.

ಕಾರ್ಯಕ್ರಮ ಮುಗಿದ ಮೇಲೆ ಟಿವಿ ಆರಿಸಿ, ಎಲ್ಲರೂ ಸುತ್ತ ಕುಳಿತು ಅದನ್ನು ತೂರಿದರು. ಕಣದಲ್ಲಿ ಜೋಳ ತೂರುವಂತೆಯೇ ಅವರ ಲೆಕ್ಕ: ನಗು ಹೊಟ್ಟು, ಉಳಿದದ್ದು ಕಾಳು. ಊರಿನ ಹೆಸರು ಬಂದಿದ್ದರೆ ಅದು ಕಾಳು. ಸಾಹೇಬ ಹೌದು ಎಂದದ್ದು ಹೊಟ್ಟು. ಸಾಹೇಬ ಯಾವುದನ್ನು ಇಲ್ಲವೇ ಇಲ್ಲ ಎಂದನೋ ಅದು ಗಟ್ಟಿ ಕಾಳು. ವಾದ ಮಾಡಿ, ಕೊನೆಗೆ ಶರಣಪ್ಪ ತೀರ್ಪು ಕೊಡುತ್ತಿದ್ದ.

"ರಸ್ತಾದಾಗ ಬೈಕಿನವ ಒಬ್ಬ ಸತ್ತಾನ. ಇದು ಕಾಳು. ಮೀನು ಹೊಟ್ಟು."

"ಅದಕ ನಿನ್ನಿ ನೆಲೋಗಿ ಬಸ್ ತಡ ಆಗ್ಯದ ಅಂದಳು ನಮ್ಮಾಕಿ. ಯಾಕಂತ ಹೇಳ್ಲಿಲ್ಲ" ಎಂದ ನೆಲೋಗಿಯವನೊಬ್ಬ.

"ನಿಮ್ಮಾಕಿ ಎಂದಾದ್ರೂ ಖರೇ ಹೇಳ್ಯಾಳೇನು ನಿನಗ?" ಎಂದು ಮೇಲಿನ ಮಂಚದಿಂದ ಯಾರೋ ಅಂದರು. ಮತ್ತೆ ನಗು.

ಊರಿನ ಮನೆಗಳು ಪರದೇಶದಲ್ಲಿದ್ದವನಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ ಎಂಬುದು ಅಲ್ಲಿ ಕುಳಿತಾಗ ನನಗೆ ತಿಳಿಯಿತು. ಅಷ್ಟು ದೂರದಲ್ಲಿ ಒಬ್ಬನೇ ಕುಳಿತು ಅಳುವುದು ಯಾಕೆ ಎಂದು. ಶರಣಪ್ಪನ ತಂದೆ ತೀರಿದ್ದು ಅವನಿಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಫೋನ್ ಮಾಡಿದಾಗಲೆಲ್ಲ "ಹೊಲಕ್ಕ ಹೋಗ್ಯಾರ" ಎನ್ನುತ್ತಿದ್ದರಂತೆ. ದೊಡ್ಡ ಚಾನೆಲ್‌ಗಳಿಗೆ ನಮ್ಮ ಊರುಗಳ ಹೆಸರೇ ಗೊತ್ತಿಲ್ಲ. ಹೀಗಾಗಿ ಬೇವಿನ ಗಿಡದ ಕೆಳಗಿನ ಆ ಇಬ್ಬರನ್ನು ಬಿಟ್ಟರೆ ಇವರಿಗೆ ಬೇರೆ ದಾರಿ ಇರಲಿಲ್ಲ. ತೂರಿದ ಮೇಲೆ ಸಂಶಯ ಉಳಿದರೆ ಯಾರೂ ತಮ್ಮ ಮನೆಯ ವಿಷಯವನ್ನು ತಮ್ಮ ಮನೆಯವರಿಗೇ ಕೇಳುತ್ತಿರಲಿಲ್ಲ. ಇವನ ಮನೆಯ ವಿಷಯವನ್ನು ಅವನು ತನ್ನ ಮನೆಗೆ ಫೋನ್ ಮಾಡಿ ಕೇಳುವುದು, ಅವನದನ್ನು ಇವನು ಕೇಳುವುದು. ಬೇರೆಯವರ ಮನೆಯ ಸುದ್ದಿ ಯಾರೂ ಮುಚ್ಚುವುದಿಲ್ಲ ಎಂದು ನಂಬಿಕೆ.

ನನಗೆ ಇದೆಲ್ಲ ಹುಚ್ಚಾಟವಾಗಿ ಕಂಡಿತು. ಹಾಗೇ ಹೇಳಿಯೂ ಹೇಳಿದೆ.

ಎರಡನೇ ಶುಕ್ರವಾರ

ಆ ವಾರ ಸಾಹೇಬನ ಮುಂದೆ ಒಂದು ಸ್ಟೂಲಿನ ಮೇಲೆ ಎರಡು ಗ್ಲಾಸು ನೀರು ಇಟ್ಟಿದ್ದರು. ಒಂದು ತಿಳಿ, ಒಂದು ಚಹಾದ ಬಣ್ಣದ್ದು.

"ಸಾಹೇಬ್ರ, ಊರಿನ ಟಾಕಿ ನೀರು ಕುಡದು ಮಂದಿಗೆ ವಾಂತಿ ಭೇದಿ ಹತ್ಯದಂತ."

"ಇಲ್ಲವೇ ಇಲ್ಲ. ನಮ್ಮ ನೀರು ಶುದ್ಧ ಅದ."

"ಹಂಗಾರ ಕುಡೀರಿ."

ಸಾಹೇಬ ಚಹಾ ಬಣ್ಣದ ಗ್ಲಾಸನ್ನು ಎತ್ತಿ, ಅದಕ್ಕೆ ಕೈ ಮುಗಿದು, ಎಮ್ಮೆಯ ಮುಂದೆ ಹಿಡಿದ. ಎಮ್ಮೆ ಮುಖ ತಿರುಗಿಸಿತು. "ಎಮ್ಮಿ ವಿರೋಧ ಪಕ್ಷದ್ದು" ಎಂದ. ಕೋಟಿನವನು ಊರಿನ ಹೆಸರು ಹೇಳಿದ. ಅದು ಮೌಲಾಲಿಯ ಊರು.

ಆ ದಿನ ತೂರುವುದಕ್ಕೆ ಹೊತ್ತು ಹಿಡಿಯಲಿಲ್ಲ. ಸಾಹೇಬ ಇಲ್ಲವೇ ಇಲ್ಲ ಎಂದಿದ್ದ. ಮೌಲಾಲಿ ಎದ್ದು ನಿಂತಿದ್ದ.

"ನಾಕ್ ದಿನದಿಂದ ಅಮ್ಮಾ ಫೋನಿಗೆ ಬಂದಿಲ್ರಿ. ಅಣ್ಣ ಖಾಜಾ, ಮಲಗ್ಯಾಳ ಅಂತಾನ. ಹೊತ್ತಲ್ಲದ ಹೊತ್ತಿನಾಗ ಮಲಗಾಕಿ ಅಲ್ರಿ ಅಕಿ."

ಕರಜಗಿ ಕಡೆಯ ಇಬ್ಬರು ತಮ್ಮ ಮನೆಗಳಿಗೆ ಫೋನ್ ಹಚ್ಚಿದರು. ಒಂದು ಮನೆಯವರು ಏನಿಲ್ಲ ಎಂದರು. ಇನ್ನೊಂದು ಮನೆಯಲ್ಲಿ ಹೆಂಗಸು ಏನೋ ಹೇಳಲು ಹೋಗಿ, ಹಿಂದಿನಿಂದ ಯಾರೋ ಗದರಿದ್ದು ಕೇಳಿ, ಸುಮ್ಮನಾದಳು. ಅವರ ಅದಲುಬದಲಿನ ಉಪಾಯ ಊರಿನವರಿಗೂ ಗೊತ್ತಾಗಿ ಹೋಗಿತ್ತು.

ಮೌಲಾಲಿ ನನ್ನ ಕಡೆ ತಿರುಗಿದ.

"ಸಿಸ್ಟರ್, ನಿಮ್ಮ ಕೂಡ ಕೆಲಸ ಮಾಡಿದವ್ರು ಇನ್ನೂ ದವಾಖಾನ್ಯಾಗ ಅದಾರಲ್ರಿ. ನೀವು ಕೇಳ್ರಿ. ಫೋರ್‌ಮನ್‌ಗ ಮುಂಜಾನೆನೇ ಹೇಳೇನಿ. ಖರೇನೇ ಜೋರದ ಅಂದ್ರ ಇವತ್ತೇ ಕಳಿಸ್ತೇನಿ ಅಂದಾನ. ಆದ್ರ ರಜಾ ಇದೇ ಆಗ್ತದ, ಮದುವಿಗಿ ಬಿಡಂಗಿಲ್ಲ. ನೀವು ಹೋಗಂದ್ರ ಹೋಗ್ತೇನಿ, ಬ್ಯಾಡಂದ್ರ ಬಿಡ್ತೇನಿ."

ನಾನು ಹೊರಗೆ ಕಾರಿಡಾರಿಗೆ ಹೋಗಿ ಅಫಜಲಪುರ ದವಾಖಾನೆಯ ನಿರ್ಮಲಾಳಿಗೆ ಫೋನ್ ಮಾಡಿ ಮೌಲಾಲಿಯ ತಾಯಿಯ ವಿಷಯ ಕೇಳಿದೆ. ನನ್ನ ಕೈಕೆಳಗೆ ಹದಿನೈದು ವರ್ಷ ಇದ್ದವಳು, ಸುಳ್ಳು ಹೇಳುವವಳಲ್ಲ.

"ಹುಸೇನಬಿ ಅಲ್ರಿ? ಇಲ್ಲೇ ಇದ್ರು, ನಿನ್ನಿ ಕಲಬುರಗಿಗೆ ಕಳಿಸೇವಿ ಅಕ್ಕಾರ. ಮೂರು ದಿನ ಮನಿಯಾಗ ಇಟಗೊಂಡು ತಡ ಮಾಡಿ ಕರಕೊಂಡು ಬಂದ್ರು. ಮೂತ್ರ ನಿಂತದ. ಎಚ್ಚರ ಅದಾರ, ಮಾತಾಡ್ತಾರ. ಆದ್ರ ನಿಮಗ ಗೊತ್ತೇ ಅದ."

ನನಗೆ ಗೊತ್ತಿತ್ತು. ಮೂತ್ರ ನಿಂತಿದೆ ಎಂದರೆ ಕಿಡ್ನಿ. ಅವಳೇ ಕೊಟ್ಟ ನಂಬರಿಗೆ, ಖಾಜಾನಿಗೆ, ಫೋನ್ ಮಾಡಿದೆ. ಅವನು ಅಳುತ್ತಿರಲಿಲ್ಲ. ಬಹಳ ಮರ್ಯಾದೆಯಿಂದ ಮಾತಾಡಿದ.

"ಅವಗ ಹೇಳಬ್ಯಾಡ್ರಿ ಸಿಸ್ಟರ್. ಅಮ್ಮಾನೇ ಹೇಳ್ಯಾಳ, ಅವನ ರಜಾ ಮುರೀಬ್ಯಾಡ್ರಿ, ತಂಗಿ ಮದುವಿಗಿ ಅಂವ ನಿಂದರಬೇಕು ಅಂತ. ನಾಕ್ ಬಾಟ್ಲಿ ಸಲೈನ್ ಏರ್ಯಾವ. ಆರಾಮಾಗ್ತಾಳ. ನೀವು ದೊಡ್ಡವ್ರು, ನೀವು ಹೇಳಿದ್ರ ನಂಬ್ತಾನ."

ಎರಡು ನಿಮಿಷ ಅಲ್ಲೇ ನಿಂತೆ. ಮೂತ್ರ ನಿಂತವರೂ ಎದ್ದು ಕುಳಿತದ್ದನ್ನು ನನ್ನ ವಾರ್ಡಿನಲ್ಲಿ ನೋಡಿದ್ದೆ. ಮೂರೋ ನಾಲ್ಕೋ ಮಂದಿ. ಉಳಿದವರನ್ನು ಆ ಹೊತ್ತಿನಲ್ಲಿ ನೆನೆಯಲಿಲ್ಲ. ರೋಗಿಯ ಮನೆಯವರ ಮುಂದೆ ಮುಖ ಬದಲಾಗಬಾರದು ಎಂದು ತರಬೇತಿಯ ಮೊದಲ ವರ್ಷವೇ ಕಲಿಸಿರುತ್ತಾರೆ. ನನ್ನ ಮುಖ ಯಾವತ್ತೂ ಬದಲಾಗಿದ್ದಿಲ್ಲ.

ಒಳಗೆ ಬಂದು ಹೇಳಿದೆ. "ಸ್ವಲ್ಪ ಭೇದಿ ಆಗಿದೆ. ಸಲೈನ್ ಹಾಕಿದ್ದಾರೆ. ಎಚ್ಚರ ಇದ್ದಾರೆ, ಮಾತಾಡುತ್ತಾರೆ. ನೀನು ಮದುವೆಗೇ ಹೋಗು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹೊರಡುವಾಗ ಇನ್ನೊಂದು ಮಾತು ಸೇರಿಸಿದೆ: "ಎಮ್ಮೆಗೆ ನೀರು ಕುಡಿಸುವವರ ಮಾತು ಕೇಳಿ ಯಾರಾದರೂ ವಿಮಾನ ಹತ್ತುತ್ತಾರೇನು?"

ಮೌಲಾಲಿ ಕುಳಿತ. ನೀರು ಕುಡಿದ. "ನೀವು ಹೇಳಿದ್ರ ಆತ್ರಿ" ಎಂದ. ಶರಣಪ್ಪ ಮಾತ್ರ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ.

ಭಾನುವಾರ, ಮತ್ತು ಅದರ ನಂತರ

ಹುಸೇನಬಿ ಭಾನುವಾರ ಮುಂಜಾನೆ ತೀರಿಕೊಂಡರು. ನಿರ್ಮಲಾ ಫೋನ್ ಮಾಡಿದಾಗ ನಾನು ಸುವರ್ಣಾಳ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಇಪ್ಪತ್ತು ಸಲ ಮಡಚಿ ಚಾಚಿಸಬೇಕು. ಹದಿನಾಲ್ಕಕ್ಕೆ ನಿಂತಿತ್ತು, ಉಳಿದ ಆರನ್ನು ಮುಗಿಸಿದೆ.

ಮೌಲಾಲಿಗೆ ಹೇಳಿದರೇ ಎಂದು ಖಾಜಾನನ್ನು ಕೇಳಿದೆ.

"ಇಲ್ರಿ. ಮಣ್ಣು ಆತು. ಅಂವ ಹೊಂಟ್ರೂ ಏನು ನೋಡ್ಯಾನು? ಅಮ್ಮಾನ್ನ ಆಳಂದದಾಗ ನಮ್ಮ ದೊಡ್ಡಮ್ಮನ ಮನ್ಯಾಗ ಆರಾಮ ಮಾಡ್ಲಿಕ್ಕೆ ಬಿಟ್ಟೇವಿ ಅಂತ ಹೇಳೇವಿ. ಮದುವಿಗಿ ಬಂದಾಗ ಕೂಡ್ರಿಸಿ ಹೇಳ್ತೇವಿ."

"ಅದು ತಪ್ಪು" ಎಂದೆ.

"ನೀವೂ ಹೇಳಿಲ್ಲಲ್ರಿ" ಎಂದ. ಅದರಲ್ಲಿ ಕುಟುಕು ಇರಲಿಲ್ಲ. ನನ್ನನ್ನು ತಮ್ಮವಳೆಂದು ಸೇರಿಸಿಕೊಂಡು ಅಂದ ಮಾತು.

ಸೋಮವಾರ ಮೌಲಾಲಿ ಪಕ್ಕದ ಮನೆಯ ಪೈಪು ನೋಡಲು ಬಂದು, ನಮ್ಮ ಬಾಗಿಲು ತಟ್ಟಿ, ತಾಯಿ ಆಳಂದಕ್ಕೆ ಹೋಗಿದ್ದಾಳೆ ಎಂದು ಹೇಳಿ ಹೋದ. "ಗಾಣಗಾಪುರದ ಮ್ಯಾಲ ಹೋಗೂ ಬಸ್ಸಿನಾಗ ಕುಂತು ಹೋಗ್ಯಾಳಂದ್ರ ಆರಾಮ ಆದಂಗೇರಿ" ಎಂದ. ನಾನು ಹೌದೆಂದೆ. ಸುವರ್ಣಾ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲ ಹೇಳಿದ್ದೆ. ಅವನು ಹೋದ ಮೇಲೆ ಅವಳು, "ದೊಡ್ಡವ್ವ, ನಮ್ಮ ಆಸ್ಪತ್ರೆಯಲ್ಲಾದರೆ ಇದಕ್ಕೆ ನೌಕರಿ ಹೋಗುತ್ತದೆ" ಎಂದಳು. ಮಂಗಳವಾರ ಹೇಳಬೇಕೆಂದುಕೊಂಡೆ, ಬುಧವಾರ ಅಂದುಕೊಂಡೆ. ಗುರುವಾರ ಮಾರನೆಯ ದಿನದ ಭೇಟಿಗೆ ಮಾತುಗಳನ್ನು ಕೂಡಿಸಿಟ್ಟುಕೊಂಡೆ.

ಮೂರನೇ ಶುಕ್ರವಾರ

ಬೇಗ ಹೋಗಿ, ಕಾರ್ಯಕ್ರಮಕ್ಕೆ ಮುಂಚೆಯೇ ಅವನನ್ನು ಹೊರಗೆ ಕರೆದು ಹೇಳುವುದು ನನ್ನ ಯೋಚನೆ. ಅವನು ನಮಾಜಿನಿಂದ ತಡವಾಗಿ ಬಂದ. ಬರುವಾಗ ನನಗೆಂದು ಮಜ್ಜಿಗೆ ತಂದಿದ್ದ. ಟಿವಿ ಆಗಲೇ ಶುರುವಾಗಿತ್ತು.

"ಸಾಹೇಬ್ರ, ನೀರು ಕುಡದು ಮೂರು ಮಂದಿ ಸತ್ತಾರಂತ."

"ಇಲ್ಲವೇ ಇಲ್ಲ. ನೀರಿನಿಂದ ಯಾರೂ ಸತ್ತಿಲ್ಲ."

"ಮತ್ತ ಹ್ಯಾಂಗ ಸತ್ತಾರ್ರಿ?"

"ವಯಸ್ಸಾಗಿತ್ತು."

"ಎಷ್ಟು ಆಗಿತ್ರಿ?"

"ಒಬ್ಬಾಕಿಗಿ ಅರವತ್ತು. ಒಬ್ಬಗ ಮೂವತ್ತು. ಒಂದಕ್ಕ ಎರಡು."

"ಎರಡು ವರ್ಷದ ಕೂಸಿಗಿ ವಯಸ್ಸಾಗಿತ್ರಿ?"

"ಅದರ ವಯಸ್ಸು ಅದಕ್ಕ ಆಗಿತ್ತಪಾ."

ಕೋಲಿ ನಕ್ಕಿತು. ಮೌಲಾಲಿಯೂ ನಕ್ಕ. ನಾನು ನೋಡಿದ್ದೇನೆ, ಅವನ ಕೈಯಲ್ಲಿ ಮಜ್ಜಿಗೆಯ ಪೊಟ್ಟಣ ಇತ್ತು, ಹಲ್ಲು ಕಾಣುವಂತೆ ನಕ್ಕ. ಆಗ ತೆರೆಯ ಮೇಲೆ ಕೋಟಿನವನು ದಂಟು ಕೆಳಗಿಟ್ಟ. ಕೋಟು ಬಿಚ್ಚಿ ಮಡಚಿ ಸ್ಟೂಲಿನ ಮೇಲಿಟ್ಟ. ಸಾಹೇಬ ಕನ್ನಡಕ ತೆಗೆದ. ಒಂದು ಚೀಟಿ ನೋಡಿ ಓದಿದರು. ಮೊದಲನೆಯ ಹೆಸರು ಹುಸೇನಬಿ, ಗಂಡ ಇಮಾಮಸಾಬ, ವಯಸ್ಸು ಅರವತ್ತು.

ಉಳಿದ ಎರಡು ಹೆಸರು ನಾವು ಯಾರೂ ಕೇಳಲಿಲ್ಲ. ಶರಣಪ್ಪ ಟಿವಿ ಆರಿಸಿದ. ಆ ದಿನ ತೂರಲಿಲ್ಲ.

ಮೌಲಾಲಿ ಬಹಳ ಹೊತ್ತಿನ ಮೇಲೆ ನನ್ನ ಎದುರು ನೆಲದ ಮೇಲೆ ಬಂದು ಕುಳಿತ. ದನಿ ಏರಿಸಲಿಲ್ಲ.

"ನಿಮಗ ಗೊತ್ತಿತ್ರಿ?"

"ಗೊತ್ತಿತ್ತು."

"ಶುಕ್ರವಾರ ಗೊತ್ತಿತ್ರಿ?"

"ಜೋರಾಗಿದೆ ಎಂದು ಗೊತ್ತಿತ್ತು."

"ಎಲ್ಲಾ ಹೇಳ್ರಿ. ಬಿಡದಂಗ ಹೇಳ್ರಿ."

ಹೇಳಿದೆ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೇಗೆ ಹೇಳುತ್ತಿದ್ದೆನೋ ಹಾಗೆ, ಹೊತ್ತಿನ ಸಮೇತ. ಯಾವ ದಿನ ಭೇದಿ ಶುರುವಾಯಿತು, ಯಾವಾಗ ದವಾಖಾನೆಗೆ ತಂದರು, ಮೂತ್ರ ಯಾವಾಗ ನಿಂತಿತು, ಶನಿವಾರ ಸಂಜೆ ಕಾಲು ಸೆಳೆತ ಬಂದದ್ದು, ರಾತ್ರಿ ಮಾತು ನಿಂತದ್ದು. ರಜೆ ಮುರಿಯಬೇಡಿ ಎಂದು ತಾಯಿಯೇ ಹೇಳಿದ್ದು. ಕೊನೆಗೆ ನಿರ್ಮಲಾ ಕಲಬುರಗಿಯ ನರ್ಸಿನಿಂದ ಕೇಳಿ ತಿಳಿಸಿದ್ದನ್ನೂ ಹೇಳಿದೆ: ಮಾತು ನಿಲ್ಲುವ ಮೊದಲು ಅವನ ಹೆಸರು ಹಿಡಿದು ಎರಡು ಸಲ ಕರೆದಿದ್ದರು. ಯಾವುದನ್ನೂ ಮೃದು ಮಾಡಲಿಲ್ಲ. ಮೃದು ಮಾಡುವ ಅಧಿಕಾರ ನನಗೆ ಉಳಿದಿರಲಿಲ್ಲ.

"ಅವತ್ತು ಶುಕ್ರವಾರ ಸಂಜಿಕ ಹೊಂಟಿದ್ರ?"

ನಾನು ಆ ಲೆಕ್ಕವನ್ನು ಐದು ದಿನಗಳಿಂದ ಮಾಡುತ್ತಿದ್ದೆ. "ನೀನು ಶನಿವಾರ ಮಧ್ಯಾಹ್ನ ಕಲಬುರಗಿಯಲ್ಲಿ ಇರುತ್ತಿದ್ದೆ" ಎಂದೆ. "ಸಿಗುತ್ತಿದ್ದರು. ಮಾತಾಡುತ್ತಿದ್ದರು."

ತಲೆ ಆಡಿಸಿದ. ಯಾರೋ ನೀರು ಕೊಟ್ಟರು, ತೆಗೆದುಕೊಳ್ಳಲಿಲ್ಲ. ಊರಿಗೆ ಹೊರಡು, ಫೋರ್‌ಮನ್‌ಗೆ ನಾನು ಹೇಳುತ್ತೇನೆ ಎಂದು ಶರಣಪ್ಪ ಅಂದ. ಮೌಲಾಲಿ ಬೇಡವೆಂದು ಕೈ ಮಾಡಿ, ಫೋನ್ ತೆಗೆದು ಖಾಜಾನಿಗೆ ಹಚ್ಚಿದ. ಸ್ಪೀಕರ್ ಹಾಕಿ ನಮ್ಮೆಲ್ಲರ ನಡುವೆ ನೆಲದ ಮೇಲೆ ಇಟ್ಟ. ಅವರ ಮನೆಮಾತು ಉರ್ದು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಂಟಪ ಯಾರಿಗೆ ಹೇಳಿದ್ದೀರಿ ಎಂದು ಕೇಳಿದ. ಖಾಜಾ ಹೇಳಿದ. ತಂಗಿಯ ಬಟ್ಟೆಯ ವಿಷಯ ಕೇಳಿದ. ಅದನ್ನೂ ಹೇಳಿದ.

"ರಜಾ ಪಕ್ಕಾ ಅದ, ಬರ್ತೇನಿ. ಅಮ್ಮಾ ಹ್ಯಾಂಗ ಅದಾಳ?"

ಖಾಜಾನ ದನಿ ಬಂತು, ಎಂದಿನಂತೆ ಸಮಾಧಾನದ್ದು.

"ಆರಾಮ ಅದಾಳ. ಈಗ ಆಳಂದಕ್ಕ ಮಾತಾಡ್ದೆ. ಊಟ ಮಾಡಿ ಮಲಗ್ಯಾಳಂತ."

"ಮಲಗ್ಲಿ ಬಿಡು" ಎಂದ ಮೌಲಾಲಿ. "ಎಬ್ಬಿಸಬ್ಯಾಡ್ರಿ."